ಐದನೆಯ ಮೊಳೆಯ ಚಿತ್ರ

ನನ್ನ ತಂಗಿಯ ಗಂಡನಿಗೆ ಮ್ಯೂಸಿಯಮ್ಮಿನಲ್ಲಿ ಚಿತ್ರಗಳನ್ನು ಗೋಡೆಗೆ ಏರಿಸುವ ಕೆಲಸ. ಎಲ್ಲರ ಬಾಯಲ್ಲೂ ಅವನು ಮೊಳೆಯಣ್ಣ. ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಬೆಲೆಬಾಳುವ ಚಿತ್ರವನ್ನು ಅವನು ಏಕಾಏಕಿ ತೂಗುಹಾಕುವವನಲ್ಲ. ಮೊದಲು ಅದೇ ಅಳತೆಯ, ಬಿದ್ದರೂ ಚಿಂತೆಯಿಲ್ಲದ ಚಿತ್ರವೊಂದನ್ನು ಹಾಕಿ, ಮೊಳೆ ಜಗ್ಗಲಿಲ್ಲ ಎಂದು ಕಂಡ ಮೇಲೆಯೇ ಅಸಲಿಯನ್ನು ಏರಿಸುವನು.

ಆ ಚಿಂತೆಯಿಲ್ಲದ ಚಿತ್ರ ಅವನೇ ಬರೆದದ್ದು. ಅದರಲ್ಲಿ ನನ್ನ ತಂಗಿ ಕುರ್ಚಿಯ ಮೇಲೆ ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದಾಳೆ. "ಇದನ್ನ ಸುಟ್ಟುಹಾಕಿ, ಇಲ್ಲಾಂದ್ರೆ ನಾಳೆಯಿಂದ ನಿಮ್ಮ ಅಡುಗೆ ನೀವೇ ಮಾಡ್ಕೊಳ್ಳಿ" ಎಂದಿದ್ದಳು. ಸುಟ್ಟೆ ಎಂದು ಹೇಳಿ ಕೆಲಸದ ಜಾಗಕ್ಕೆ ಸಾಗಿಸಿದ್ದ.

ಒಮ್ಮೆ ಅಲ್ಲಿನ ಮುಖ್ಯಸ್ಥೆ ಮೇಡಂಗೆ ಒಂದು ಹುಚ್ಚು ಹತ್ತಿತು. ಸಂಗ್ರಹದಲ್ಲಿ ಒಂದೇ ಹೆಸರಿನ ಕಲಾವಿದರು ಐವರಿದ್ದಾರೆ, ಐವರ ಒಂದೊಂದು ಚಿತ್ರವನ್ನು ಒಂದೇ ಕೋಣೆಗೆ ತರೋಣ, ಚೀಟಿಯಲ್ಲಿ ಬರೀ ಆ ಹೆಸರಿರಲಿ, ಯಾರು ಯಾರೆಂದು ನೋಡುವವರೇ ಊಹಿಸಲಿ ಎಂದರು. ಮೊಳೆಯಣ್ಣನ ಹೆಸರೂ ಅದೇ. ಅದು ನೆನಪಿದ್ದದ್ದು ಅವನೊಬ್ಬನಿಗೆ.

ಪ್ರದರ್ಶನದ ದಿನ ಮೇಡಂ ಅವಸರಪಟ್ಟು ಬಾಗಿಲು ಬೇಗ ತೆಗೆಸಿದರು. ಐದನೆಯ ಮೊಳೆಯಲ್ಲಿ ನನ್ನ ತಂಗಿ ಇನ್ನೂ ನಿದ್ದೆ ಮಾಡುತ್ತಿದ್ದಳು. ಅಸಲಿ ಚಿತ್ರ ಪೆಟ್ಟಿಗೆಯಲ್ಲೇ ಇತ್ತು. ಏಣಿ ಹೊತ್ತು ಓಡಿಬಂದ ಮೊಳೆಯಣ್ಣ ಬಾಗಿಲಲ್ಲೇ ನಿಂತ. ಉಳಿದ ನಾಲ್ಕನ್ನು ಬಿಟ್ಟು ಜನ ಅವನ ಚಿತ್ರಕ್ಕೇ ಮುತ್ತಿಕೊಂಡಿದ್ದರು. ಕೆಳಗೆ ಅವನದೇ ಹೆಸರು. ಅದರಲ್ಲಿ ಸುಳ್ಳೇನಿತ್ತು? ಏಣಿಯನ್ನು ಸದ್ದಿಲ್ಲದೆ ಗೋಡೆಗೆ ಒರಗಿಸಿದ.

ಆಗಲೇ ತಂಗಿಯೂ ನಾನೂ ಒಳಗೆ ಬಂದೆವು. ಜನರ ತಲೆಗಳ ನಡುವೆ ಅರ್ಧ ಮಾತ್ರ ಕಾಣುತ್ತಿದ್ದ ಚಿತ್ರದತ್ತ ತಂಗಿ ಕತ್ತು ಚಾಚಿದಳು.

"ಅಕ್ಕ, ಆ ಹೆಂಗಸನ್ನ ಎಲ್ಲೋ ನೋಡಿದೀನಿ ಕಣೇ."

"ಕನ್ನಡಿಯಲ್ಲಿ" ಅಂದೆ.

ಅವಳ ಮುಖ ಕೆಂಪೇರಿತು. ಅಷ್ಟರಲ್ಲಿ ಮೇಡಂ ಬಂದು ಕಣ್ಣರಳಿಸಿದರು. "ಅಯ್ಯೋ, ಇದು ನಮ್ಮ ಚಿತ್ರವೇ ಅಲ್ಲ! ಯಾರದ್ರೀ ಇದು?"

ಮನೆಯೂಟ ಹೇಗೂ ಹೋಗಿತ್ತು; ಗೊತ್ತಿಲ್ಲ ಅಂದಿದ್ದರೆ ಕೆಲಸವಾದರೂ ಉಳಿಯುತ್ತಿತ್ತು. ಮೊಳೆಯಣ್ಣ ಮುಂದೆ ಬಂದ.

"ನಂದೇ, ಮೇಡಂ."

"ಸುಟ್ಟೆ ಅಂದಿದ್ರಲ್ಲರೀ!" ಅಂದಳು ತಂಗಿ.

"ಕೈ ಬರ್ಲಿಲ್ಲ ಕಣೇ. ನೀನು ಅಷ್ಟು ಸುಖವಾಗಿ ಮಲಗಿದ್ದೆ."

ತಂಗಿ ಚಿತ್ರವನ್ನೇ ನೋಡುತ್ತ ನಿಂತಳು.

"ಮೊದ್ಲು ಇಳಿಸಿ ಇದನ್ನ" ಎಂದರು ಮೇಡಂ. ಅವನು ಏಣಿ ಹತ್ತಿ ಚಿತ್ರಕ್ಕೆ ಕೈ ಹಾಕಿದ.

"ನಿಧಾನ ರೀ!" ತಂಗಿ ಎರಡೂ ಕೈ ಚಾಚಿದಳು. "ಬೀಳಿಸಿಬಿಟ್ಟೀರಿ!"

ಮೇಡಂ ಚೆನ್ನಾಗಿ ಬೈದು ಕೆಲಸದಲ್ಲಿ ಉಳಿಸಿಕೊಂಡರು. ಚಿತ್ರ ಈಗ ತಂಗಿಯ ಮನೆಯ ನಡುಕೋಣೆಯಲ್ಲಿದೆ. ಬಂದವರಿಗೆಲ್ಲ ಅವಳೇ ತೋರಿಸುತ್ತಾಳೆ: "ಇವರ ಹೆಸರಿನ ಕಲಾವಿದ್ರು ಇನ್ನೂ ಐದು ಜನ ಇದಾರಂತೆ. ಆದ್ರೆ ನೆಟ್ಟಗೆ ಮೊಳೆ ಹೊಡೆಯೋಕೆ ಬರೋದು ನಮ್ಮವರಿಗೊಬ್ಬರಿಗೇ."