ಗುಲಾಬಿಯಾಗದ ನೀರು

ಅಕ್ಕನ ಮನೆಯಲ್ಲಿ ಈಗಲೂ ಒಂದು ಸಣ್ಣ ಶಿಳ್ಳೆ ಕೇಳಿಸುತ್ತದೆ. ಭಾವ ಉಸಿರೆಳೆದಾಗ ಬರುವ ಸದ್ದು ಅದು. ಕೇಳಿಸಿದ ಕೂಡಲೇ ಪಾತ್ರೆ ಉಜ್ಜುತ್ತಿದ್ದ ಅಕ್ಕನ ಕೈ ನಿಂತುಬಿಡುತ್ತದೆ.

ಅವಳಿಗೆ ಮೊದಲಿನಿಂದಲೂ ಅಚ್ಚುಕಟ್ಟಿನ ಹುಚ್ಚು. ಒದ್ದೆ ಚಮಚ ಕಂಡರೂ ಮೈಮೇಲೆ ಬಂದವಳ ಹಾಗೆ ಆಡುತ್ತಿದ್ದಳು. ಆ ಹುಚ್ಚಿಗಿಷ್ಟು ಬೆಂಕಿ ಹಾಕ!

ಬೋಲ್ಟುಗಳಿಗೆ ಸತುವಿನ ಲೇಪ ಹಾಕುವ ಕಾರ್ಖಾನೆಯಲ್ಲಿ ಅವಳು ಪರೀಕ್ಷಕಿ. ಭಾವ ಅಲ್ಲೇ ತೊಟ್ಟಿಯ ಮೇಲೆ ಬಗ್ಗಿ, ತುಕ್ಕು ಹಿಡಿಯದಿರಲೆಂದು ಅವನ್ನು ಕ್ರೋಮೇಟ್ ದ್ರಾವಣದಲ್ಲಿ ಅದ್ದುವವನು. ಹಳೆಯ ದ್ರಾವಣದಲ್ಲಿ ವಿಷದ ಕ್ರೋಮಿಯಂ ಇತ್ತು. ಹೊಸದರಲ್ಲಿ ಇಲ್ಲವೇ ಇಲ್ಲ ಎಂದು ಮಾರಿದವನು ಆಣೆ ಮಾಡಿದ. ನಿಜವೋ ಸುಳ್ಳೋ ಹೇಳಬೇಕಾದವಳು ಅಕ್ಕ. ಬೋಲ್ಟುಗಳನ್ನು ಹತ್ತು ನಿಮಿಷ ಕುದಿಸಿ, ಆ ನೀರಿಗೆ ಪರೀಕ್ಷೆಯ ದ್ರವ ಬಿಡಬೇಕು. ವಿಷವಿದ್ದರೆ ನೀರು ಗುಲಾಬಿಯಾಗುತ್ತದೆ.

ಮೂರು ಸಲ ಪರೀಕ್ಷಿಸಿದರೂ ಆಗಲಿಲ್ಲ. ಅಕ್ಕ ದಪ್ಪಕ್ಷರದಲ್ಲಿ ‘ಇಲ್ಲ’ ಎಂದು ಬರೆದಳು. ಮರುವಾರವೇ ತೊಟ್ಟಿಯ ಮೇಲಿನ ಆವಿ ಹೀರುವ ಫ್ಯಾನು ಬಂದ್. ಭಾವ ತನ್ನ ಮಾಸ್ಕನ್ನು ಮೊಳೆಗೆ ನೇತುಹಾಕಿದ.

“ನನ್ನ ಹೆಂಡ್ತೀನೇ ಇಲ್ಲ ಅಂದ್ಮೇಲೆ ಇನ್ಯಾರಪ್ಪನ ಭಯ?” ಎಂದು ನಗುತ್ತಿದ್ದ.

ಒಂದೂವರೆ ವರ್ಷ ಕಳೆಯಿತು. ಮೊದಲು ಮೂಗಿನಲ್ಲಿ ರಕ್ತ, ಆಮೇಲೆ ಈ ಶಿಳ್ಳೆ. ಡಾಕ್ಟರಮ್ಮ ಟಾರ್ಚ್ ಬಿಟ್ಟು ನೋಡಿ, ಹೊಳ್ಳೆಗಳ ನಡುವಿನ ಗೋಡೆಯಲ್ಲಿ ತೂತು ಬಿದ್ದಿದೆ ಎಂದರು.

“ಕ್ರೋಮಿಯಂ ಹತ್ರ ಕೆಲ್ಸಾನಾ?”

“ಅದ್ರಲ್ಲಿ ವಿಷ ಇಲ್ಲ ಮೇಡಂ. ಟೆಸ್ಟ್ ಮಾಡಿದ್ದು ಇವ್ಳೇ,” ಎಂದ ಭಾವ, ಹೆಮ್ಮೆಯಿಂದ.

ಮರುದಿನ ಅಕ್ಕ ಪರೀಕ್ಷೆಯ ದ್ರವದ ಜೊತೆ ಬಂದಿದ್ದ ಸೂಚನೆಯ ಹಾಳೆ ಬಿಡಿಸಿ ಓದಿದಳು. ಮಡಿಕೆಯಲ್ಲಿ ಮಾಸಿದ ಒಂದು ಸಾಲಿತ್ತು: ಪರೀಕ್ಷೆಗೆ ಮುಂಚೆ ಬಿಸಿಯಲ್ಲಿ ಒಣಗಿಸಬಾರದು. ಕಾಯಿಸಿದರೆ ವಿಷ ಲೇಪದಲ್ಲೇ ಕಚ್ಚಿಕೊಂಡು ನೀರಿಗೆ ಇಳಿಯುವುದಿಲ್ಲ. ಒದ್ದೆ ಬೋಲ್ಟು ಮುಟ್ಟಲಾರದ ನನ್ನ ಅಕ್ಕ ಮೂರು ಸಲವೂ ಅವನ್ನು ಓವನ್‌ನಲ್ಲಿಟ್ಟು ಗರಿಗರಿ ಒಣಗಿಸಿದ್ದಳು! ಈ ಸಲ ಒಂದು ದಿನ ಗಾಳಿಗೆ ಆರಲು ಬಿಟ್ಟು ಕುದಿಸಿದಳು. ದ್ರವ ಬಿದ್ದದ್ದೇ ತಡ, ನೀರು ಗುಲಾಬಿಯಾಯಿತು.

ಕಾರ್ಖಾನೆಯಲ್ಲಿ ಫ್ಯಾನು ಮತ್ತೆ ತಿರುಗಿತು. ಅಕ್ಕ ಆ ಹಾಳೆಯನ್ನು ಮನೆಗೆ ತಂದು ಗಂಡನ ಮುಂದಿಟ್ಟಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅವನು ಬೆರಳಿಟ್ಟು ನಿಧಾನವಾಗಿ ಓದಿದ.

“ಈ ಸಾಲು ಟೆಸ್ಟ್ ಮಾಡ್ದಾಗ್ಲೇ ನೋಡಿದ್ಯಾ?”

“ಇಲ್ಲ.”

ಭಾವ ಅವಳ ಮುಖವನ್ನೇ ನೋಡುತ್ತ ಕೂತ. ನನಗೆ ತಡೆಯಲಾಗಲಿಲ್ಲ.

“ಭಾವ, ಅಕ್ಕ ನಿಜಾನೇ ಹೇಳ್ತಿದಾಳೆ.”

“ಗೊತ್ತಮ್ಮ,” ಎಂದ. “ಆಗ್ಲೂ ನಿಜಾನೇ ಹೇಳಿದ್ಲು.”