ಭಾನುವಾರದ ಅದಲುಬದಲು

ಹೈದರಾಬಾದಿನ ಯುವಜನರೆಲ್ಲ ಹೊಸ ಕಂಪ್ಯೂಟರುಗಳ ಮುಂದೆ ಭವಿಷ್ಯ ಕಟ್ಟುತ್ತಿದ್ದ ಕಾಲದಲ್ಲಿ, ಕಾಚಿಗೂಡದ ನಮ್ಮ ನೆರೆಯವರೊಬ್ಬರು ಹಳೆಯ ಕಂಪ್ಯೂಟರುಗಳ ಯೋಗಕ್ಷೇಮ ವಹಿಸಿಕೊಂಡಿದ್ದರು. ಭಾನುವಾರ ಸುಲ್ತಾನ್ ಬಜಾರಿನ ಹತ್ತಿರ ಅಂಥ ಭಕ್ತರೆಲ್ಲ ಸೇರಿ ಅವುಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದರು. ಪರೀಕ್ಷೆಗೆಂದು ನೆರೆಯವರು ತಮ್ಮ ಒಂದೇ ಒಂದು ಮಾನಿಟರನ್ನು ಹೊತ್ತು ಹೋಗುತ್ತಿದ್ದರು. ಯಾವ ಯಂತ್ರವನ್ನು ಮುಟ್ಟಿದರೂ ಅವರ ತೀರ್ಪು ಒಂದೇ: “ಇನ್ನೂ ಜೀವ ಐತ್ರಿ.” ಅವರ ಹೆಂಡತಿಯ ಶಾಸನವೂ ಒಂದೇ: ಒಂದು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು.

ಒಂದು ಭಾನುವಾರ, ನಾನೂ ಜೊತೆಗಿದ್ದಾಗ, ತಾವು ಮೊದಲು ಕೆಲಸ ಕಲಿತ ಮಾದರಿಯದೇ ಕಂಪ್ಯೂಟರ್ ಅವರ ಕಣ್ಣಿಗೆ ಬಿತ್ತು. ವರ್ಷಗಟ್ಟಲೆ ಹುಡುಕಿದ್ದು. ಬದಲಿಗೆ ಮಾಲೀಕ ಕೇಳಿದ್ದು ಆ ಮಾನಿಟರನ್ನೇ. ಕೊಟ್ಟುಬಿಟ್ಟರು.

“ಇನ್ನ ಇದರಾಗ ನೋಡೋದು ಹೆಂಗ್ರೀ?” ಎಂದೆ.

“ನೋಡಿ ನೋಡಿ ಸಾಕಾಗೇತ್ರಿ.”

ಮನೆಗೆ ತಂದು ಸ್ವಿಚ್ ಹಾಕಿದೆವು. ಒಳಗಿನ ಫ್ಯಾನು ಕೆಮ್ಮಿತು. ಆಮೇಲೆ ಒಮ್ಮೆ ‘ಬೀಪ್’ ಎಂದಿತು. ಅವರು ಕಣ್ಣು ಮುಚ್ಚಿಕೊಂಡರು.

“ಏನಂತೈತ್ರಿ ಅದು?” ಅಡುಗೆಮನೆಯಿಂದ ಹೆಂಡತಿ ಕೇಳಿದರು.

“ಎಲ್ಲಾ ಬರೋಬರಿ ಐತಿ ಅಂತೈತಿ.”

ಒಗ್ಗರಣೆಯ ಸದ್ದಿನ ನಡುವೆಯೇ ಅವರೆಂದರು:

“ಈ ಮನ್ಯಾಗ ಒಬ್ರಾದ್ರೂ ಹಂಗ ಅಂದ್ರಲ್ಲ. ಇರ್ಲಿ ಬಿಡ್ರಿ.”