ಬೆಳ್ಳಿಗೆ ಕೊಟ್ಟ ಪುಡಿ

ಗಿರಿಜಮ್ಮನವರು ನನ್ನನ್ನು ಬಾಯಿಬಿಟ್ಟು ಕೇಳಿದ್ದರೋ ಇಲ್ಲವೋ, ನನಗೆ ಖಚಿತವಿಲ್ಲ. ಒಮ್ಮೊಮ್ಮೆ ಅವರ ದನಿಯೇ ಕಿವಿಗೆ ಬರುತ್ತದೆ — "ಡಾಕ್ಟ್ರೇ, ಇದ್ರಲ್ಲಿ ಅಂಥದ್ದೇನೂ ಇಲ್ಲ ತಾನೆ?" ಇನ್ನೊಮ್ಮೆ, ಆ ದನಿಯನ್ನು ಆಮೇಲೆ ನಾನೇ ಕಟ್ಟಿಕೊಂಡೆ ಅನ್ನಿಸುತ್ತದೆ. ಅವರು ಕೇಳಿದ್ದರೆ ನಾನು ಸುಳ್ಳು ಹೇಳಿದೆ. ಕೇಳದಿದ್ದರೆ ಬರೀ ಸುಮ್ಮನಿದ್ದೆ. ಈ ವ್ಯತ್ಯಾಸವನ್ನು ಹಿಡಿದುಕೊಂಡೇ ಇಷ್ಟು ವರ್ಷ ನೆಮ್ಮದಿಯಾಗಿದ್ದೆ. ಖಚಿತವಿರುವುದು ಇಷ್ಟು: ತೊಂಬತ್ತರ ದಶಕದಲ್ಲಿ, ಸೊರಬದಲ್ಲಿ, ಲಿಂಗ ಕಟ್ಟಿದ ಒಬ್ಬ ಹೆಣ್ಣುಮಗಳ ಅಡುಗೆಮನೆಗೆ ನಾನು ಮಾಂಸದ ಪುಡಿಯನ್ನು ಔಷಧಿಯೆಂದು ಕಳಿಸಿದೆ.

ನಾನು ಪಶುವೈದ್ಯ. ವಿಶ್ವವಿದ್ಯಾಲಯದ ಓದು ಮುಗಿಸಿ ಬಂದು ಶಿಕಾರಿಪುರದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಕ್ಲಿನಿಕ್ ತೆರೆದಿದ್ದೆ. ವಾರಕ್ಕೊಂದು ದಿನ ಸೊರಬದಲ್ಲೂ ಕೂರುತ್ತಿದ್ದೆ. ಜೊತೆಗೆ ಹಾಲಪ್ಪ — ನನಗಿಂತ ಎಷ್ಟೋ ದೊಡ್ಡವನು, ಹೆಸರಿಗೆ ಕಾಂಪೌಂಡರ್, ನಿಜಕ್ಕೂ ಆ ಮೂಕ ರೋಗಿಗಳ ದಾದಿ. ಕಾಯಿಲೆ ಬಿದ್ದ ನಾಯಿ ಊಟ ಬಿಟ್ಟರೆ ಗಂಜಿಯನ್ನು ಮುಂಗೈ ಮೇಲೆ ತೊಟ್ಟಿಕ್ಕಿಸಿ ಬಿಸಿ ನೋಡಿ, ಸೂಜಿ ತೆಗೆದ ಸಿರಿಂಜಿನಿಂದ ಕೆನ್ನೆಯ ಸಂದಿಯಲ್ಲಿ ಹನಿಹನಿಯಾಗಿ ಇಳಿಸುತ್ತಿದ್ದ. ಅವಸರ ಮಾಡುತ್ತಿರಲಿಲ್ಲ. ಅವಸರ ನನ್ನದು.

ಆಗ ನಮ್ಮಲ್ಲಿಗೆ ಬರುತ್ತಿದ್ದದ್ದು ಹೆಚ್ಚಾಗಿ ದನ, ಎಮ್ಮೆ. ಹಾಗಾಗಿ ಗಿರಿಜಮ್ಮ ಮುಚ್ಚಳದ ಬುಟ್ಟಿಯಲ್ಲಿ ಬೆಕ್ಕನ್ನು ತಂದಾಗ ಎಮ್ಮೆ ಹಿಡಿದು ನಿಂತಿದ್ದವನೊಬ್ಬ, "ಅಕ್ಕಾರೆ, ಇದು ಎಷ್ಟು ಲೀಟ್ರು ಕೊಡುತ್ತೆ?" ಅಂದ. ಅವರು ತಿರುಗಿ ನೋಡದೆ, "ನಿಮ್ಮ ಎಮ್ಮೆ ಇಲಿ ಹಿಡಿಯೋ ದಿನ ಇದೂ ಹಾಲು ಕೊಡುತ್ತೆ ಕಣ್ರೀ" ಅಂದರು. ಇದು ನನಗೆ ಚೆನ್ನಾಗಿ ನೆನಪಿದೆ. ನಗು ಬಂದದ್ದು ನೆನಪಿರುತ್ತದೆ. ನಾಚಿಕೆಯಾಗಬೇಕಿದ್ದದ್ದು ಯಾಕೆ ಮಸುಕಾಗುತ್ತದೋ —

ಬೆಕ್ಕಿನ ಹೆಸರು ಬೆಳ್ಳಿ. ಅವರ ದಿನಸಿ ಅಂಗಡಿಯ ಅಕ್ಕಿ ಚೀಲಗಳನ್ನು ಕಾಯುತ್ತಿದ್ದದ್ದು. ಕೈಗಾಡಿಯ ಚಕ್ರಕ್ಕೆ ಸಿಕ್ಕಿ ಸೊಂಟ ಮುರಿದು, ವರ್ಷದ ಮೇಲಾಗಿತ್ತು. ಇಲಿ ಹಿಡಿಯಲಾರದೆ ಮನೆಯೊಳಗೇ ಉಳಿದು, ಮನೆಯವರು ಅಕ್ಕರೆಯಿಂದ ಕಲಸಿಟ್ಟ ಹಾಲನ್ನ ತಿಂದುಕೊಂಡಿತ್ತು. ಈಗ ಎಲುಬು ಎಣಿಸಬಹುದಿತ್ತು. ಬೆಳಕು ಬಿಟ್ಟರೂ ಕಣ್ಣಿನ ಪಾಪೆ ಸರಿಯಾಗಿ ಕುಗ್ಗಲಿಲ್ಲ. ಎದೆಬಡಿತ ಸೊರಗಿತ್ತು.

ನಾನು ಒಂದೇ ನೋಟಕ್ಕೆ ಹೇಳಿದೆ — ಮನಸ್ಸಿನಲ್ಲೇ. ನಾಯಿ ಹಾಲನ್ನದ ಮೇಲೆ ಹೇಗೋ ದಿನ ದೂಡೀತು, ಬೆಕ್ಕಿಗೆ ಆಗದು. ಟಾರಿನ್ ಎಂಬ ಒಂದು ಅಂಶವನ್ನು ಅದರ ಮೈ ಸಾಕಷ್ಟು ಮಾಡಿಕೊಳ್ಳಲಾರದು. ಅದು ಮಾಂಸದಿಂದಲೇ ಬರಬೇಕು. ಇಲ್ಲದಿದ್ದರೆ ಕಣ್ಣು ಹೋಗುತ್ತದೆ, ಆಮೇಲೆ ಹೃದಯ. ನನ್ನ ನಿರ್ಣಯ ಸರಿಯಾಗಿತ್ತು. ಇವತ್ತೂ ಅದರಲ್ಲಿ ನನಗೆ ಅನುಮಾನವಿಲ್ಲ. ಅದೇ ತೊಂದರೆ — ಬೆಕ್ಕಿನ ವಿಷಯದಲ್ಲಿ ಸರಿಯಿದ್ದೆ ಅಂದಮೇಲೆ ಎಲ್ಲದರಲ್ಲೂ ಸರಿಯಿದ್ದೇನೆ ಅಂದುಕೊಂಡೆ.

ಲಿಂಗಪೂಜೆ ಮಾಡದೆ ನೀರು ಮುಟ್ಟದ ಮನೆ. ಮಾಂಸ ಅಂದರೆ ಬುಟ್ಟಿ ಎತ್ತಿಕೊಂಡು ಹೋಗಿಬಿಡುತ್ತಾರೆ, ಬೆಕ್ಕು ಸಾಯುತ್ತದೆ ಎಂದು ನಾನೇ ತೀರ್ಮಾನಿಸಿದೆ. ಮಡಿ, ಮೈಲಿಗೆ ನನಗಾಗ ತಮಾಷೆಯ ವಿಷಯ. ಹಾಲಪ್ಪ ಮಾತ್ರ ತಡೆದ. "ಹೇಳೇ ಕೊಡ್ರಿ ಸಾರ್. ಬ್ಯಾಡ ಅಂದ್ರೆ ಬ್ಯಾಡ ಅಂತಾರ. ನಾವ್ಯಾಕ ಅವ್ರ ಪರವಾಗಿ ಹೇಳೋದು?" ನಾನು ಕೇಳಲಿಲ್ಲ.

ಹೋತದ ಗುಂಡಿಗೆಯನ್ನು ಅವನ ಕೈಯಿಂದಲೇ ತರಿಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ, ಕುಟ್ಟಿಸಿದೆ. ವಾಸನೆ ಮರೆಮಾಚಲು ಬಿ ಕಾಂಪ್ಲೆಕ್ಸ್ ಮಾತ್ರೆಗಳನ್ನು ಅರೆದು ಸೇರಿಸಿದೆ. ಮುಂದಿನ ವಾರ ಗಿರಿಜಮ್ಮನ ಕೈಗಿಟ್ಟೆ. ಕಾಗದದ ಪೊಟ್ಟಣದಲ್ಲಿ ಕೊಟ್ಟೆ ಎಂದೇ ನನ್ನ ನೆನಪು.

ಬೆಳ್ಳಿ ಚೇತರಿಸಿಕೊಂಡಿತು. ಹೋದ ದೃಷ್ಟಿ ಮರಳಲಿಲ್ಲ, ಉಳಿದದ್ದು ಉಳಿಯಿತು. ಮೈ ತುಂಬಿತು. ಮತ್ತೆ ಪುಡಿ ಬೇಕೆಂದು ಬಂದ ದಿನ ಗಿರಿಜಮ್ಮ ಬಹಳ ಖುಷಿಯಲ್ಲಿದ್ದರು. ಬೆಕ್ಕು ತಟ್ಟೆಯಲ್ಲಿಟ್ಟರೆ ಮುಟ್ಟುವುದಿಲ್ಲ, ತಮ್ಮ ಬೆರಳಿಂದಲೇ ತಿನ್ನುತ್ತದೆ ಅಂದರು. ಮೂಲಿಕೆಯಲ್ಲವೇ ಎಂದು ಪುಡಿಯನ್ನು ವಿಭೂತಿಯ ಗೂಡಿನ ಪಕ್ಕ ಇಟ್ಟಿದ್ದಾರಂತೆ. ಆಮೇಲೆ, ಸಣ್ಣ ಮಕ್ಕಳ ಔಷಧಿಯ ಬಗ್ಗೆ ಹೇಳುವ ಹಾಗೆ ಹೇಳಿದರು:

"ಮೊದಲು ನಾನೇ ಚೂರು ನಾಲಿಗೆ ಮೇಲೆ ಇಟ್ಟು ನೋಡ್ದೆ ಡಾಕ್ಟ್ರೇ. ಕಹಿ ಇಲ್ಲ."

ಅಲ್ಲಿ ಹೇಳಬೇಕಿತ್ತು. ಅದು ಕೊನೆಯ ಅವಕಾಶ ಅಲ್ಲ, ಆದರೆ ಅದಕ್ಕಿಂತ ಸ್ಪಷ್ಟವಾದ ಅವಕಾಶ ಮತ್ತೆ... ನಾನು ಏನು ಮಾಡಿದೆ? ಕಹಿ ಇರುವುದಿಲ್ಲ ಎಂದೆ. ಹಾಲಪ್ಪ ಕೈಯಲ್ಲಿದ್ದ ಹತ್ತಿಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ. ಶಿಕಾರಿಪುರ ಮುಟ್ಟುವವರೆಗೂ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತ. ಇಳಿದ ಮೇಲೆ ಒಂದೇ ಮಾತು: "ಇನ್ನ ಮ್ಯಾಲೆ ಆ ಪುಡಿ ನೀವೇ ಕುಟ್ಕಳ್ರಿ ಸಾರ್."

ಕುಟ್ಟಿಕೊಂಡೆ. ಬೆಳ್ಳಿ ಬದುಕಿದ್ದಷ್ಟು ದಿನ ನಾನೇ ಕುಟ್ಟಿಕೊಟ್ಟೆ. ಸಾಲದ್ದಕ್ಕೆ, ಜೊತೆಗೆ ಓದಿದವರು ಸೇರಿದಾಗ ಈ ಕಥೆ ಹೇಳಿ ನಗಿಸಿದೆ. ನಾಲಿಗೆಯ ಭಾಗವನ್ನೂ ಬಿಡಲಿಲ್ಲ.

ಮೂಢನಂಬಿಕೆಯನ್ನು ಪ್ರಶ್ನಿಸುವುದು ನನ್ನ ಸ್ವಭಾವ, ಅದನ್ನು ಬಿಟ್ಟಿಲ್ಲ. ಆದರೆ ನಾನು ಗಿರಿಜಮ್ಮನ ನಂಬಿಕೆಯನ್ನು ಪ್ರಶ್ನಿಸಲೇ ಇಲ್ಲ. ಪ್ರಶ್ನಿಸಿದ್ದರೆ ಅವರು ಉತ್ತರ ಕೊಡುತ್ತಿದ್ದರು. ನಾನು ಅದನ್ನು ಬಳಸಿಕೊಂಡೆ — ಅವರು ದೇವರ ಮೇಲಿಟ್ಟದ್ದನ್ನಲ್ಲ, ನನ್ನ ಮೇಲಿಟ್ಟದ್ದನ್ನು. ಇದು ಹೊಳೆಯಲು ಇಷ್ಟು ವರ್ಷ ಬೇಕಾಯಿತು.

ಹೋದ ತಿಂಗಳು ಸೊರಬಕ್ಕೆ ಹೋದೆ. ಗಿರಿಜಮ್ಮ ಈಗಲೂ ಅಂಗಡಿಯ ಗಲ್ಲಾದ ಮುಂದೆ ಕೂರುತ್ತಾರೆ, ಗಿರಾಕಿಗಳನ್ನು ಈಗಲೂ ಗದರಿಸುತ್ತಾರೆ. ಗುರುತು ಹಿಡಿದು ಕೂರಿಸಿದರು. ನಾನು ಎಲ್ಲವನ್ನೂ ಹೇಳಿದೆ, ಗುಂಡಿಗೆ ಎಂಬ ಪದವನ್ನೂ ನುಂಗದೆ. ಹೇಳುವಾಗ ಅವರು ತೂಕದ ಕಲ್ಲುಗಳನ್ನು ಒಂದರ ಮೇಲೊಂದು ಇಡುತ್ತಿದ್ದರು. ಮುಗಿದ ಮೇಲೆ ಕೈ ನಿಂತಿತು.

"ಬೆಕ್ಕಿಗೆ ಬೇಕು ಅಂದಿದ್ರೆ ಹಿತ್ತಲಲ್ಲಿ ಇಟ್ಟು, ಕೈ ತೊಳ್ಕೊಂಡು ಒಳಗೆ ಬರ್ತಿದ್ದೆ," ಅಂದರು. "ಅದು ಇಲಿ ತಿನ್ನೋದು ನಂಗೆ ಗೊತ್ತಿರಲಿಲ್ವಾ?"

ಆದರೂ ಹಳೆಯ ಚಟ — ಕೇಳಿಬಿಟ್ಟೆ: ಆ ದಿನ ನೀವು ನನ್ನನ್ನು ಕೇಳಿದ್ದಿರಾ, ಇದರಲ್ಲಿ ಏನಿದೆ ಎಂದು?

"ಕೇಳಿದ್ನೋ ಇಲ್ವೋ, ನಂಗೂ ನೆನಪಿಲ್ಲ. ಓದಿದ್ದು ನೆನಪಿದೆ."

ಒಳಗೆ ಹೋಗಿ ಒಂದು ಹಾಲಿನಪುಡಿಯ ಡಬ್ಬಿ ತಂದರು. ಮುಚ್ಚಳದ ಮೇಲೆ ಅವರು ಅಂಟಿಸಿದ್ದ ಚೀಟಿ: ಗುಂಡುಸೂಜಿ. ಅದನ್ನು ಉಗುರಿನಿಂದ ಕೆರೆದರು. ಕೆಳಗೆ, ಗಾಯಕ್ಕೆ ಹಾಕುವ ಅಂಟುಪಟ್ಟಿಯ ತುಂಡು. ಅದರ ಮೇಲೆ ಬಾಲ್‌ಪೆನ್ನಿನಲ್ಲಿ, ಮಾಸಿದರೂ ಓದುವ ಹಾಗೆ: ಗಿಡಮೂಲಿಕೆ ಪುಡಿ. ದಿನಕ್ಕೆ ಅರ್ಧ ಚಮಚ.

ಡಬ್ಬಿಯನ್ನು ಕೇಳಿದೆ. ಅವರು ಗುಂಡುಸೂಜಿಗಳನ್ನು ಕಾಗದದ ಮೇಲೆ ಸುರಿದುಕೊಂಡು ಕೊಟ್ಟರು. ಹೋಗಿ ಬನ್ನಿ ಎನ್ನಲಿಲ್ಲ.

ಬಸ್ಸಿನಲ್ಲಿ ಕೂತು ನಾನು ಏನು ಆಸೆಪಟ್ಟೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಇದನ್ನು ಹಾಲಪ್ಪ ಬರೆದಿರಬಹುದು ಅಂದುಕೊಂಡೆ. ತಡೆದವನ ಮೇಲೇ ಹೊರಿಸಲು ಹೊರಟಿದ್ದೆ. ಮನೆಗೆ ಬಂದು ಆ ವರ್ಷಗಳ ಕೇಸ್ ಪುಸ್ತಕ ಹುಡುಕಿ, ಡಬ್ಬಿಯನ್ನು ಪಕ್ಕದಲ್ಲಿಟ್ಟು, ಒಂದೊಂದೇ ಅಕ್ಷರ ಹೋಲಿಸಿ ನೋಡಿದೆ. 'ಚ'ದ ಹೊಟ್ಟೆಯನ್ನು ಪೂರ್ತಿ ಮುಚ್ಚದೆ ಬಿಡುವ ಅಭ್ಯಾಸ, 'ಕ್ಕೆ' ಬರೆಯುವಾಗ ಒತ್ತಕ್ಷರವನ್ನು ದೂರಕ್ಕೆ ಎಳೆಯುವ ರೀತಿ.

ಅಕ್ಷರ ನನ್ನದು.